49.2ರ ಶಾಫ್ಟಿಗೆ 50ರ ಬೇರಿಂಗ್: ಮಲೆನಾಡಿನ ಒಂದು ಅಕ್ಕಿ ಮಿಲ್ಲಿನ ಪ್ರಕರಣ

ಮಿಲ್ಲಿನ ಯಜಮಾನ ಗೌಡರು ಫೋನ್ ಮಾಡಿದ್ದು ಬೇರಿಂಗ್ ವಿಷಯಕ್ಕಲ್ಲ. "ಶಾಫ್ಟೇ ಹೊಸದು ಮಾಡಿಕೊಡು ಮಾರಾಯ, ಈ ಹಳೇದರ ಸಹವಾಸ ಸಾಕಾಗಿದೆ" ಅಂದರು. ಶಾಫ್ಟ್ ಅಂದರೆ ಮಷಿನ್ನುಗಳನ್ನು ಓಡಿಸುವ ಉದ್ದನೆಯ ರಾಡು; ಅದನ್ನು ಹೊತ್ತು ಸಲೀಸಾಗಿ ತಿರುಗಲು ಬಿಡುವ, ಗುಂಡುಗಳಿರುವ ರಿಂಗು ಬೇರಿಂಗ್. 14 ತಿಂಗಳಲ್ಲಿ ಐದು ಬೇರಿಂಗ್ ಹೋಗಿದ್ದವಂತೆ. ಕೊಯ್ಲು ಶುರುವಾಗಲು ಇನ್ನು ಎರಡು ವಾರ ಮಾತ್ರ ಇತ್ತು. ಕೊಯ್ಲಾದ ಮೇಲೆ ಮಿಲ್ಲು ಒಂದು ದಿನ ನಿಂತರೂ ಸುತ್ತಲಿನ ಹಳ್ಳಿಯವರು ಭತ್ತದ ಚೀಲ ಹೊತ್ತುಕೊಂಡು ವಾಪಸ್ ಹೋಗಬೇಕಾಗುತ್ತದೆ.

ನಾನು ಶಿವಮೊಗ್ಗದಲ್ಲಿ ಲೇತ್, ಅಂದರೆ ಕಬ್ಬಿಣ ಕಡೆಯುವ ಯಂತ್ರ, ಇಟ್ಟುಕೊಂಡಿರುವವನು. ಹೊಸ ಶಾಫ್ಟ್ ಮಾಡಿಕೊಟ್ಟರೆ ನನಗೆ ಕೆಲಸ, ದುಡ್ಡು ಎರಡೂ ಸಿಗುತ್ತಿತ್ತು. ಆದರೂ ಒಂದು ಸಲ ನೋಡಿ ಬರೋಣ ಅಂತ ಭಾನುವಾರ ತೀರ್ಥಹಳ್ಳಿ ಕಡೆ ಹೊರಟೆ.

ಮಿಲ್ಲು ಹೇಗಿತ್ತು

ಹಂಚಿನ ಮಾಡಿನ ಉದ್ದನೆಯ ಕಟ್ಟಡ. ಅಕ್ಕಿ ಮಾಡಲು ಒಂದು ಹಲ್ಲರ್, ಹಿಟ್ಟಿಗೆ ಒಂದು ಕಲ್ಲಿನ ಗಿರಣಿ, ಖಾರದ ಪುಡಿಗೆ ಒಂದು ಚಿಕ್ಕ ಮಷಿನ್. ಮೂರಕ್ಕೂ ಸೇರಿ ಒಂದೇ 10 ಎಚ್‌ಪಿ ಮೋಟಾರ್. ಮೋಟಾರಿನ 6 ಇಂಚಿನ ಪುಲ್ಲಿಯಿಂದ ಒಂದು ಪಟ್ಟೆ ಬೆಲ್ಟು ಲೈನ್ ಶಾಫ್ಟಿನ (ಗೌಡರು ಹೇಳಿದ ಉದ್ದ ಶಾಫ್ಟ್ ಇದೇ) 24 ಇಂಚಿನ ಪುಲ್ಲಿಗೆ ಹೋಗುತ್ತದೆ. ಮೋಟಾರ್ ನಿಮಿಷಕ್ಕೆ 1440 ಸುತ್ತು ತಿರುಗಿದರೆ ಲೈನ್ ಶಾಫ್ಟ್ 360 ಸುತ್ತು ತಿರುಗುತ್ತದೆ. ಅದರಿಂದ ಮೂರು ಮಷಿನ್ನಿಗೂ ಬೇರೆ ಬೇರೆ ಬೆಲ್ಟು. ಹಳೇ ಕಾಲದ ವ್ಯವಸ್ಥೆ. ಈಗ ಪ್ರತಿ ಮಷಿನ್ನಿಗೂ ಒಂದೊಂದು ಮೋಟಾರ್ ಹಾಕುತ್ತಾರೆ.

ಶಾಫ್ಟ್ 12 ಅಡಿ ಉದ್ದ, ತೂಕ 55 ಕೆಜಿ ಹತ್ತಿರ. ಮೊಣಕಾಲೆತ್ತರದ ಮೂರು ಇಟ್ಟಿಗೆ ಕಟ್ಟೆಗಳ ಮೇಲೆ ಮೂರು ಪ್ಲಮ್ಮರ್ ಬ್ಲಾಕ್, ಅಂದರೆ ಬೇರಿಂಗನ್ನು ಹಿಡಿದಿಡುವ ಬೋಲ್ಟು ಹಾಕಿದ ಮನೆ. ಮೂರರ ಮೇಲೂ ಪಿ 210 ಅಂತ ಅಚ್ಚು ಇತ್ತು. ಒಳಗಿನ ಬೇರಿಂಗ್ ಯುಸಿ 210, ಅಂದರೆ 50 ಎಂಎಂ ತೂತಿನದು. ಮೋಟಾರ್ ಕಡೆಯ ದೊಡ್ಡ ಪುಲ್ಲಿ ಮೊದಲನೇ ಬ್ಲಾಕಿನಿಂದ ಹೊರಗೆ ಚಾಚಿಕೊಂಡಿದೆ. ಹಾಗಾಗಿ ಭಾರವೆಲ್ಲ ಆ ಬ್ಲಾಕಿನ ಮೇಲೆ ಜಾಸ್ತಿ. ಹೋದ ಐದು ಬೇರಿಂಗುಗಳಲ್ಲಿ ನಾಲ್ಕು ಅಲ್ಲಿನವೇ.

ಮೊದಲು ಈ ಶಾಫ್ಟಿಗೆ ಬೇರಿಂಗ್ ಇರಲಿಲ್ಲವಂತೆ, ಬುಷ್ (ಗುಂಡುಗಳಿಲ್ಲದ ಬರೀ ಲೋಹದ ಕೊಳವೆ) ಇತ್ತಂತೆ. ಬುಷ್ ಸವೆದಾಗ ಯಾರೋ ಮೆಕ್ಯಾನಿಕ್ ಬಂದು ಬೇರಿಂಗ್ ಹಾಕಿಕೊಟ್ಟು ಹೋಗಿದ್ದಾರೆ. ಆಗಿನಿಂದ ಈ ತಾಪತ್ರಯ.

ಚೀಲದಲ್ಲಿದ್ದ ಸತ್ತ ಬೇರಿಂಗುಗಳು

ಗೌಡರು ಒಂದು ಒಳ್ಳೇ ಕೆಲಸ ಮಾಡಿದ್ದರು. ಹೋದ ಬೇರಿಂಗುಗಳನ್ನು ಗುಜರಿಗೆ ಹಾಕದೆ ಗೋಣಿಚೀಲದಲ್ಲಿ ಕಟ್ಟಿ ಮೊಳೆಗೆ ನೇತುಹಾಕಿದ್ದರು. ನಾನು ಮೊದಲು ಕೇಳಿದ್ದು ಅದನ್ನೇ. ಐದನ್ನೂ ಡೀಸೆಲ್‌ನಲ್ಲಿ ತೊಳೆದು, ಎರಡನ್ನು ಒಡೆದು ಒಳಗೆ ನೋಡಿದೆ.

ಗುಂಡುಗಳು ಕನ್ನಡಿ ಹಾಗಿದ್ದವು. ಗುಂಡು ಓಡುವ ದಾರಿಯಲ್ಲೂ ಒಂದು ಗೀರಿಲ್ಲ, ಒಂದು ಚಕ್ಕೆ ಎದ್ದಿಲ್ಲ. ಭಾರ ತಾಳದೆ ಹೋದ ಬೇರಿಂಗ್ ಆಗಿದ್ದರೆ ಅಲ್ಲೇ ಮೊದಲು ಚಕ್ಕೆ ಏಳಬೇಕಿತ್ತು. ಹಾಳಾಗಿದ್ದು ಒಳಗಿನ ತೂತು. ಒಂದು ಪಕ್ಕ ತೂತು ಸವೆದು ಹೊಳೆಯುತ್ತಿತ್ತು, ಇನ್ನೊಂದು ಪಕ್ಕ ಕಾವಿ ಬಣ್ಣದ ಪುಡಿ ಮೆತ್ತಿಕೊಂಡಿತ್ತು. ಒಂದರಲ್ಲಿ ಒಳಗಿನ ರಿಂಗು ಗ್ರಬ್ ಸ್ಕ್ರೂ (ರಿಂಗನ್ನು ಶಾಫ್ಟಿಗೆ ಬಿಗಿಯುವ, ತಲೆ ಇಲ್ಲದ ಚಿಕ್ಕ ಸ್ಕ್ರೂ) ತೂತಿನ ಹತ್ತಿರವೇ ಸೀಳಿ ಹೋಗಿತ್ತು.

ಆ ಕಾವಿ ಪುಡಿ ಗ್ರೀಸಿನ ಕೊಳೆಯಲ್ಲ. ಎರಡು ಕಬ್ಬಿಣದ ಮೈ ಒಂದಕ್ಕೊಂದು ಒತ್ತಿಕೊಂಡು ಸೂಕ್ಷ್ಮವಾಗಿ ಅಲ್ಲಾಡುತ್ತಾ ಇದ್ದರೆ ಕಬ್ಬಿಣವೇ ಪುಡಿಯಾಗಿ ತುಕ್ಕಾಗುತ್ತದೆ. ಶಾಫ್ಟಿನ ಮೇಲೆ ಈ ಪುಡಿ ಕಂಡರೆ ಬೇರಿಂಗ್ ಅಲ್ಲಿ ಗಟ್ಟಿಯಾಗಿ ಕೂತಿಲ್ಲ ಅಂತಲೇ ಅರ್ಥ.

ಭಾರದ ಲೆಕ್ಕವನ್ನೂ ಒಂದು ಸಲ ಹಾಕಿ ನೋಡಿದೆ. ಬೆಲ್ಟಿನ ಎಳೆತ, ಪುಲ್ಲಿಯ ತೂಕ ಎಲ್ಲ ಧಾರಾಳವಾಗಿ ಹಿಡಿದರೂ ಮೊದಲನೇ ಬ್ಲಾಕಿನ ಮೇಲೆ 300 ಕೆಜಿ ಬರುತ್ತದೆ. ಯುಸಿ 210ರ ತಾಳಿಕೆಯ ಅಂಕಿ ಸುಮಾರು 3,500 ಕೆಜಿ, ಅಂದರೆ 11 ಪಟ್ಟಿಗಿಂತ ಜಾಸ್ತಿ. ಬಾಲ್ ಬೇರಿಂಗಿನ ಆಯಸ್ಸನ್ನು ಈ ಪಟ್ಟಿನ ಘನದಿಂದ ಲೆಕ್ಕ ಹಾಕುತ್ತಾರೆ. 360 ಸುತ್ತಿನ ವೇಗದಲ್ಲಿ 70,000 ಗಂಟೆಗೂ ಮೇಲೆ ಬಂತು. ದಿನಕ್ಕೆ ಆರು ಗಂಟೆ ಮಿಲ್ಲು ಓಡಿದರೆ 30 ವರ್ಷ! ಧೂಳು, ಗ್ರೀಸಿನ ಕೊರತೆ ಅಂತ ಎಷ್ಟೇ ಕಳೆದರೂ ಮೂರು ತಿಂಗಳಿಗೆ ಹೋಗುವ ಬಾಬತ್ತಲ್ಲ ಅದು.

ಅಳತೆ

ಬೆಲ್ಟು ಇಳಿಸಿ ಮೊದಲನೇ ಬ್ಲಾಕಿನ ಗ್ರಬ್ ಸ್ಕ್ರೂ ಸಡಿಲ ಮಾಡಿದೆವು. ಬೇರಿಂಗ್ ಪಕ್ಕಕ್ಕೆ ಸರಿದಾಗ ಒಳಗಿಂದ ತಗಡಿನ ಚೂರು ಉದುರಿತು. ಪೇಂಟ್ ಡಬ್ಬದ ತಗಡು. ಅದರ ಮೇಲಿನ ನೀಲಿ ಬಣ್ಣ ಇನ್ನೂ ಹಾಗೇ ಇತ್ತು. ಶಾಫ್ಟಿಗೆ ತಗಡು ಸುತ್ತಿ, ಅದರ ಮೇಲೆ ಬೇರಿಂಗ್ ಹೊಡೆದು ಕೂರಿಸಿದ್ದರು. ನಡುವಿನ ಬ್ಲಾಕಿನ ಕೆಳಗೆ ತಗಡಿರಲಿಲ್ಲ. ಅಲ್ಲಿ ಶಾಫ್ಟಿನ ಮೈ ತುಂಬಾ ಸೆಂಟರ್ ಪಂಚ್‌ನಿಂದ ಚುಕ್ಕಿ ಹೊಡೆದಿದ್ದರು. ಪಂಚ್ ಹೊಡೆದಾಗ ಚುಕ್ಕಿಯ ಸುತ್ತ ಲೋಹ ಸ್ವಲ್ಪ ಉಬ್ಬುತ್ತದೆ. ಆ ಉಬ್ಬಿನ ಮೇಲೆ ಬೇರಿಂಗ್ ಬಿಗಿಯಾಗಿ ಕೂರುತ್ತದೆ ಅನ್ನುವುದು ಉಪಾಯ. ಕೂರುತ್ತದೆ ನಿಜ, ಆದರೆ ನಾಲ್ಕು ದಿನಕ್ಕೆ ಉಬ್ಬು ಚಪ್ಪಟೆಯಾಗುತ್ತದೆ.

ಮೈಕ್ರೋಮೀಟರ್ ತೆಗೆದು ಅಳೆದೆ. ಬೇರಿಂಗ್ ಕೂರುವ ಜಾಗಕ್ಕಿಂತ ಮುಂಚೆ, ಯಾವತ್ತೂ ಏನೂ ಕೂರದ ಜಾಗ ಅಳೆಯಬೇಕು. ಸವೆದ ಜಾಗದ ಅಳತೆ ಸವೆತವನ್ನು ಹೇಳುತ್ತದೆ, ಶಾಫ್ಟಿನ ಮೂಲ ಸೈಜನ್ನು ಹೇಳುವುದಿಲ್ಲ. ಎರಡು ಪುಲ್ಲಿಗಳ ನಡುವೆ ಎಮರಿ ಪೇಪರಿನಿಂದ ತುಕ್ಕು ಉಜ್ಜಿ ನಾಲ್ಕು ಕಡೆ ಅಳೆದೆ. 49.20, 49.19, 49.20, 49.19. ಆಮೇಲೆ ಬೇರಿಂಗ್ ಜಾಗಗಳು: ಮೊದಲನೆಯದರಲ್ಲಿ ಒಂದು ದಿಕ್ಕಿಗೆ 48.86, ಅಡ್ಡ ತಿರುಗಿಸಿದರೆ 48.94. ಅಂದರೆ ಸವೆತದ ಜೊತೆಗೆ ಮೊಟ್ಟೆ ಆಕಾರ. ನಡುವೆ 49.12. ಕೊನೆಯದರಲ್ಲಿ 49.18, ಹೆಚ್ಚುಕಮ್ಮಿ ಹೊಸದರ ಹಾಗೆ.

ಗೌಡರ ಮಗ ಪಕ್ಕದಲ್ಲೇ ನಿಂತು ಬರೆದುಕೊಳ್ಳುತ್ತಿದ್ದ. "49.2 ಅಂತ ಯಾರು ಶಾಫ್ಟ್ ಮಾಡ್ತಾರೆ ಅಣ್ಣ? 50 ಇದ್ದದ್ದು ಸವೆದಿರಬೇಕು" ಅಂದ.

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಟೇಪು ಹಿಡಿದರೆ 5 ಸೆಂಟಿಮೀಟರ್ ಹತ್ತಿರವೇ ಕಾಣುತ್ತದೆ. ಆದರೆ 12 ಅಡಿ ಶಾಫ್ಟು, ಏನೂ ಮುಟ್ಟದ ಜಾಗದಲ್ಲೂ ಸಮವಾಗಿ 0.8 ಎಂಎಂ ಸವೆಯಲು ಹೇಗೆ ಸಾಧ್ಯ? ಎಲ್ಲ ಕಡೆ ಒಂದೇ ಅಳತೆ ಇದ್ದರೆ ಅದು ಹುಟ್ಟಿದ್ದೇ ಆ ಅಳತೆಗೆ.

ಇಂಥ ಕಡೆ ನಾನು ಮಾಡುವ ಒಂದು ಲೆಕ್ಕ ಇದೆ. ಎಂಎಂ ಅಳತೆಯನ್ನು 25.4ರಿಂದ ಭಾಗಿಸಿ, ಬಂದದ್ದನ್ನು 16ರಿಂದ ಗುಣಿಸಬೇಕು. ಉತ್ತರ ಪೂರ್ಣಸಂಖ್ಯೆಗೆ ತೀರಾ ಹತ್ತಿರ ಬಂದರೆ ಅದು ಇಂಚಿನ ಶಾಫ್ಟ್. ಹುಡುಗನ ಫೋನಿನಲ್ಲೇ ಲೆಕ್ಕ ಹಾಕಿಸಿದೆ. 49.2ಕ್ಕೆ 30.99 ಬಂತು. 31 ಅಂತ ಹಿಡಿದರೆ 31/16 ಇಂಚು, ಅಂದರೆ 1-15/16 ಇಂಚು. ಎಂಎಂನಲ್ಲಿ 49.21. ನಮ್ಮ ಮೈಕ್ರೋಮೀಟರ್ ಹೇಳಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದೆರಡು ಪಾಯಿಂಟ್, ಅಂದರೆ ಎಂಎಂನ ನೂರರಲ್ಲಿ ಒಂದೆರಡು ಭಾಗ.

1-15/16 ಯಾಕೆ, ಸೀದಾ 2 ಇಂಚು ಮಾಡಬಹುದಿತ್ತಲ್ವಾ? ಅದಕ್ಕೂ ಕಾರಣ ಇದೆ. ಹಿಂದೆ, ಮುಖ್ಯವಾಗಿ ಅಮೆರಿಕದಲ್ಲಿ, ಲೈನ್ ಶಾಫ್ಟ್ ಮಾಡುವವರು 2 ಇಂಚಿನ ಕಪ್ಪು ರಾಡು ತಂದು, ಮೇಲಿನ ಒರಟು ಸಿಪ್ಪೆ ಹೋಗಿ ದುಂಡಗೆ ಬರುವ ತನಕ ಲೇತ್‌ನಲ್ಲಿ ತೆಗೆಯುತ್ತಿದ್ದರು. ಹಾಗೆ 1/16 ಇಂಚು ಹೋಗುತ್ತಿತ್ತು. ಹೀಗೆ 1-7/16, 1-15/16, 2-7/16 ಅನ್ನುವ ಸೈಜುಗಳೇ ರೂಢಿಗೆ ಬಂದವು. ಬೇರಿಂಗ್ ಕಂಪನಿಗಳ ಪಟ್ಟಿಯಲ್ಲಿ ಇವು ಇವತ್ತಿಗೂ ಇವೆ. ನಮ್ಮಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದದ್ದೇ 1956ರಲ್ಲಿ. ಅದು ಅಂಗಡಿ, ಕಾರ್ಖಾನೆಗಳಿಗೆ ಪೂರ್ತಿ ಇಳಿಯಲು ಇನ್ನೂ ಕೆಲವು ವರ್ಷ ಹಿಡಿಯಿತು. ಹಳೇ ಮಿಲ್ಲು, ಹಳೇ ಗಾಣ, ಹಳೇ ವರ್ಕ್‌ಶಾಪುಗಳಲ್ಲಿ ಇಂಚಿನ ಶಾಫ್ಟು ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ.

ಶಾಫ್ಟಿನಲ್ಲಿ ತಪ್ಪೇ ಇರಲಿಲ್ಲ. ಅದಕ್ಕೆ ಹಾಕಿದ ಬೇರಿಂಗ್ ಬೇರೆ ಅಳತೆಯದು, ಅಷ್ಟೆ. ಇಷ್ಟು ಗೊತ್ತಾದ ಮೇಲೆ ಗೌಡರಿಗೆ ಹೇಳಿಬಿಟ್ಟೆ, ಹೊಸ ಶಾಫ್ಟ್ ಬೇಡ ಅಂತ.

0.8 ಎಂಎಂ ಸಡಿಲ ಏನು ಮಾಡುತ್ತದೆ

ಮಕ್ಕಳು ದೊಡ್ಡ ಬಳೆಯನ್ನು ಬೆರಳಿಗೆ ಹಾಕಿಕೊಂಡು ಗಿರಗಿರ ತಿರುಗಿಸುವುದನ್ನು ನೋಡಿರುತ್ತೀರಿ. ಬಳೆ ಬೆರಳಿನ ಮೇಲೆ ಉರುಳುತ್ತದೆ, ಆದರೆ ಬೆರಳಿನ ಜೊತೆ ಸಮವಾಗಿ ಸುತ್ತುವುದಿಲ್ಲ. ಬಳೆಯ ಸುತ್ತಳತೆ ದೊಡ್ಡದು, ಬೆರಳಿನದು ಚಿಕ್ಕದು. ಸಡಿಲ ಬೇರಿಂಗಿನ ಒಳಗಿನ ರಿಂಗೂ ಹೀಗೇ. ಇಲ್ಲಿ ಸಡಿಲ 0.79 ಎಂಎಂ. ಸುತ್ತಳತೆಯ ವ್ಯತ್ಯಾಸ ಸುಮಾರು 2.5 ಎಂಎಂ. ಹಿಡಿದುಕೊಳ್ಳಲು ಏನೂ ಇಲ್ಲದಿದ್ದರೆ ಶಾಫ್ಟ್ ಒಂದು ಸುತ್ತು ಬರುವಷ್ಟರಲ್ಲಿ ರಿಂಗು ಎರಡೂವರೆ ಎಂಎಂ ಹಿಂದೆ ಬೀಳುತ್ತದೆ. ನಿಮಿಷಕ್ಕೆ 360 ಸುತ್ತು, ದಿನಕ್ಕೆ ಆರು ಗಂಟೆ. ಗುಣಿಸಿ ನೋಡಿದರೆ ದಿನಕ್ಕೆ 320 ಮೀಟರ್. ಅಷ್ಟು ದೂರ ಕಬ್ಬಿಣ ಕಬ್ಬಿಣದ ಮೇಲೆ, 300 ಕೆಜಿ ಭಾರ ಹೊತ್ತು ತೆವಳುತ್ತದೆ. ಈ ತೆವಳಾಟವನ್ನು ತಡೆಯಬೇಕಾದದ್ದು ಎರಡು ಗ್ರಬ್ ಸ್ಕ್ರೂ ಮತ್ತು ಡಬ್ಬದ ತಗಡು. ಸ್ಕ್ರೂ ಮೊದಲು ಸಡಿಲವಾಗುತ್ತದೆ. ಆಮೇಲೆ ಮತ್ತೆ ಬಿಗಿ ಮಾಡುತ್ತಾರೆ, ತೀರಾ ಬಿಗಿ ಮಾಡುತ್ತಾರೆ, ರಿಂಗು ಸೀಳುತ್ತದೆ.

ಇನ್ನೊಂದು ಸಮಸ್ಯೆಯೂ ಇದೆ. ಗ್ರಬ್ ಸ್ಕ್ರೂ ಎರಡೂ ಇರುವುದು ರಿಂಗಿನ ಒಂದು ಪಕ್ಕಕ್ಕೆ. ಬಿಗಿ ಮಾಡಿದಾಗ ಶಾಫ್ಟು ಇನ್ನೊಂದು ಪಕ್ಕಕ್ಕೆ ಒತ್ತಿಕೊಳ್ಳುತ್ತದೆ. ಹಾಗಾಗಿ ಶಾಫ್ಟಿನ ನಡುವೂ ಬೇರಿಂಗಿನ ನಡುವೂ ಒಂದೇ ಆಗಿರುವುದಿಲ್ಲ. ಡಯಲ್ ಗೇಜ್ (ಸಣ್ಣ ಅಲ್ಲಾಟವನ್ನು ಮುಳ್ಳಿನಲ್ಲಿ ತೋರಿಸುವ ಅಳತೆಯ ಸಾಧನ) ಇಟ್ಟು ಕೈಯಲ್ಲಿ ಶಾಫ್ಟ್ ತಿರುಗಿಸಿದರೆ ಮುಳ್ಳು 0.6 ಎಂಎಂ ತನಕ ಹೋಗಿ ಬರುತ್ತಿತ್ತು. ಬೆಲ್ಟು ಯಾವಾಗಲೂ ಪಟಪಟ ಬಡಿಯುತ್ತದೆ, ಕಟ್ಟೆಯ ಬೋಲ್ಟು ಸಡಿಲವಾಗುತ್ತದೆ ಅಂತ ಗೌಡರು ಹೇಳಿದ್ದಕ್ಕೂ ಇದೇ ಕಾರಣ.

ಯಾವ ದಾರಿ

ತಗಡು, ಪಂಚ್ ಎರಡೂ ಬೇಡ ಅನ್ನುವುದು ತೀರ್ಮಾನವಾಗಿತ್ತು. ಉಳಿದ ದಾರಿಗಳನ್ನು ಒಂದೊಂದಾಗಿ ಯೋಚಿಸಿದೆ.

ಹಳ್ಳಿ ಕಡೆ ಎಲ್ಲರೂ ಮೊದಲು ಹೇಳುವುದು ವೆಲ್ಡಿಂಗ್. ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬಿ, ಲೇತ್‌ನಲ್ಲಿ 50ಕ್ಕೆ ತಂದುಬಿಡುವುದು. ನಾನು ಇದಕ್ಕೆ ಒಪ್ಪುವುದು ಬೇರೆ ಏನೂ ದಾರಿ ಇಲ್ಲದಾಗ ಮಾತ್ರ. ವೆಲ್ಡಿಂಗ್ ಬಿಸಿಗೆ ಉದ್ದ ಶಾಫ್ಟು ಬಾಗುತ್ತದೆ. ಬಾಗಿದ 12 ಅಡಿ ಶಾಫ್ಟನ್ನು ನೇರ ಮಾಡುವುದು ದೊಡ್ಡ ಪಾಡು. ಜೊತೆಗೆ ಈ ಶಾಫ್ಟಿನ ಕಬ್ಬಿಣ ಯಾವುದು ಅಂತ ಗೊತ್ತಿಲ್ಲ. ವೆಲ್ಡಿಂಗಿನ ಅಂಚಿನಲ್ಲಿ ಲೋಹ ಗಡಸಾಗುತ್ತದೆ. ಪುಲ್ಲಿ ಹೊರಗೆ ಚಾಚಿಕೊಂಡಿರುವ ಜಾಗದಲ್ಲಿ ಶಾಫ್ಟು ಪ್ರತಿ ಸುತ್ತಿಗೂ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಬಗ್ಗುತ್ತಾ ಇರುತ್ತದೆ. ಬಿರುಕು ಬಿಡಲು ಅಂಥ ಅಂಚೇ ಜಾಗ. ತಿರುಗುವಾಗ ಶಾಫ್ಟು ತುಂಡಾಗಿ 24 ಇಂಚಿನ ಬೀಡು ಕಬ್ಬಿಣದ ಪುಲ್ಲಿ ಕಿತ್ತು ಬಂದರೆ ಎದುರಿಗೆ ಭತ್ತದ ಚೀಲ ಹಿಡಿದು ನಿಂತಿರುವವರು ಜನ.

ಶಾಫ್ಟನ್ನು 45ಕ್ಕೆ ಇಳಿಸಿ ಯುಸಿ 209 ಹಾಕುವುದು ಇನ್ನೊಂದು ದಾರಿ. ಬೇರಿಂಗ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಭಾರ ಜಾಸ್ತಿ ಇರುವ ಜಾಗದಲ್ಲೇ ಶಾಫ್ಟ್ ಸಣ್ಣದಾಗುತ್ತದೆ. ಇಳಿಸಿದ ಕಡೆ ಮೂಲೆ ಬೀಳುತ್ತದೆ, ಬಿರುಕಿಗೆ ಅದೂ ಜಾಗ. ಬ್ಲಾಕಿನ ಎತ್ತರವೂ ಬದಲಾಗುತ್ತದೆ: ಪಿ 210ರಲ್ಲಿ ಶಾಫ್ಟಿನ ನಡು 57.2 ಎಂಎಂ ಎತ್ತರಕ್ಕೆ, ಪಿ 209ರಲ್ಲಿ 54ಕ್ಕೆ. ಬೋಲ್ಟಿನ ತೂತುಗಳ ಅಂತರವೂ ಬೇರೆ. ಕಟ್ಟೆ ಒಡೆಯಬೇಕಾಗುತ್ತದೆ.

ಲಾಕ್‌ಟೈಟ್ 638ರಂಥ ಅಂಟು ಒಳ್ಳೇ ವಸ್ತು. ನಾನು ಮೋಟಾರಿನ ಸವೆದ ಶಾಫ್ಟಿಗೆ ಎಷ್ಟೋ ಸಲ ಬಳಸಿದ್ದೇನೆ. ಆದರೆ ಅದು 0.25 ಎಂಎಂ ಸಡಿಲದ ತನಕ ಮಾತ್ರ. ಇಲ್ಲಿರುವ 0.79ಕ್ಕೆ ಅದು ಆಗುವುದಿಲ್ಲ.

ಓರೆ ತೋಳಿನ ಬೇರಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಯೋಚಿಸಿದೆ. ಇದಕ್ಕೆ ಅಡಾಪ್ಟರ್ ಸ್ಲೀವ್ ಅನ್ನುತ್ತಾರೆ. ಬೇರಿಂಗಿನ ತೂತು 12ಕ್ಕೆ 1ರಂತೆ ಓರೆ ಇರುತ್ತದೆ. ಸೀಳಿದ ಒಂದು ತೋಳು ಶಾಫ್ಟಿನ ಮೇಲೆ ಕೂರುತ್ತದೆ. ನಟ್ಟು ಬಿಗಿ ಮಾಡಿದಂತೆ ತೋಳು ಸುತ್ತಲೂ ಸಮವಾಗಿ ಶಾಫ್ಟನ್ನು ಹಿಡಿಯುತ್ತದೆ. ಗ್ರಬ್ ಸ್ಕ್ರೂಗಿಂತ ಇದು ಎಷ್ಟೋ ಮೇಲು. 1-15/16 ಇಂಚಿಗೂ ತೋಳು ಸಿಗುತ್ತದೆ, ಎಚ್ಎ 2311 ಅಂತ. ಆದರೆ ಅದಕ್ಕೆ ಹೊಂದುವ ಬೇರಿಂಗ್ ಯುಕೆ 211. ಆಗ ಬ್ಲಾಕು ಪಿ 211, ಎತ್ತರ 63.5. ಮೂರೂ ಕಟ್ಟೆಯ ಬೋಲ್ಟು, ಎತ್ತರ ಎಲ್ಲ ಮತ್ತೆ ಹೊಂದಿಸಬೇಕು. ಹೊಸದಾಗಿ ಮಿಲ್ಲು ಕಟ್ಟುವವರಾದರೆ ಇದನ್ನೇ ಹಾಕಿ ಅನ್ನುತ್ತಿದ್ದೆ.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಸರಳವಾದದ್ದು: ಯುಸಿ 210-31. ಕೊನೆಯ 31 ಅಂದರೆ 31/16 ಇಂಚು. ಹೊರಗಿನ ಅಳತೆ 90 ಎಂಎಂ, ಮಾಮೂಲಿ ಯುಸಿ 210ರ ಹಾಗೇ. ಒಳಗಿನ ತೂತು ಮಾತ್ರ 49.21. ಇರುವ ಬ್ಲಾಕಿನಲ್ಲೇ ಕೂರುತ್ತದೆ. ಕಟ್ಟೆ ಮುಟ್ಟುವಂತಿಲ್ಲ, ಎತ್ತರ ಬದಲಾಗುವುದಿಲ್ಲ.

ಗೌಡರು ಹೇಳಿದ ಉಪಾಯ

ಒಂದು ತೊಡಕು ಉಳಿದಿತ್ತು. ಮೋಟಾರ್ ಕಡೆಯ ಜಾಗ ಸವೆದು 48.86 ಆಗಿತ್ತಲ್ಲ, ಸರಿಯಾದ ಬೇರಿಂಗ್ ತಂದರೂ ಅಲ್ಲಿ ಮತ್ತೆ 0.35 ಸಡಿಲ. ಬ್ಲಾಕನ್ನು ಒಳಗಡೆಗೆ ಸರಿಸಿದರೆ ಪುಲ್ಲಿ ಇನ್ನೂ ದೂರ ಚಾಚಿಕೊಳ್ಳುತ್ತದೆ. ಹೊರಗಡೆಗೆ ಸರಿಸಲು ಜಾಗವಿಲ್ಲ. ಶಾಫ್ಟ್ ಬಿಚ್ಚಿ ಶಿವಮೊಗ್ಗಕ್ಕೆ ಒಯ್ಯಬೇಕು, ಅಲ್ಲಿ ಉದ್ದನೆಯ ಲೇತ್ ಇರುವವರ ಹತ್ತಿರ ಕೊಡಬೇಕು ಅಂತ ನಾನು ಲೆಕ್ಕ ಹಾಕುತ್ತಿದ್ದೆ.

ಗೌಡರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಶಾಫ್ಟಿನ ಆ ತುದಿಯಿಂದ ಈ ತುದಿಗೆ ಒಂದು ಸಲ ನಡೆದರು. "ಬ್ಲಾಕ್ ಎಂತಕ್ಕೆ ಸರಿಸ್ತೀಯ? ಬ್ಲಾಕ್ ಅಲ್ಲೇ ಇರ್ಲಿ. ಶಾಫ್ಟನ್ನೇ ಈ ಕಡೆ ಎಳಿ ಮಾರಾಯ" ಅಂದರು.

ನಾನು ಸುಮ್ಮನೆ ನಿಂತುಬಿಟ್ಟೆ. ಹೌದಲ್ಲ! ಶಾಫ್ಟನ್ನೇ ಉದ್ದುದ್ದಕ್ಕೆ ಮೋಟಾರ್ ಕಡೆ ಎಳೆದರೆ ಮೂರೂ ಬ್ಲಾಕಿನ ಕೆಳಗೆ ಹೊಸ ಮೈ ಬರುತ್ತದೆ. ಸವೆದ ಜಾಗ ಪುಲ್ಲಿ ಮತ್ತು ಬ್ಲಾಕಿನ ನಡುವೆ ಹೋಗಿ ಸುಮ್ಮನೆ ಇರುತ್ತದೆ. ಪಂಚ್ ಹೊಡೆದ ಜಾಗವೂ ಆಚೆ ಹೋಗುತ್ತದೆ.

ತಕ್ಷಣ ಅಳೆದು ನೋಡಿದೆವು. ಬೇರಿಂಗಿನ ಅಗಲ 51.6 ಎಂಎಂ. 60 ಎಂಎಂ ಎಳೆದರೆ ಸಾಕು. ಮೋಟಾರಿಗೆ ದೂರದ ತುದಿಯಲ್ಲಿ ಶಾಫ್ಟು ಬ್ಲಾಕಿನಿಂದ 5 ಇಂಚು ಹೊರಗಿತ್ತು, ಹಾಗಾಗಿ ಉದ್ದ ಸಾಲದು ಅನ್ನುವ ಭಯವಿಲ್ಲ. ಒಳಗಿನ ಮೂರು ಪುಲ್ಲಿಗಳೂ ಎರಡು ಹೋಳಿನವು, ಬೋಲ್ಟು ಸಡಿಲ ಮಾಡಿದರೆ ಎಲ್ಲಿಗೆ ಬೇಕಾದರೂ ಸರಿಯುತ್ತವೆ. ಮೋಟಾರ್ ಕಡೆಯ ದೊಡ್ಡ ಪುಲ್ಲಿಗೆ ಮಾತ್ರ ಕೀ, ಅಂದರೆ ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ಹೊಡೆದ ಕಬ್ಬಿಣದ ಬೆಣೆ, ಇದೆ. ಪುಲ್ಲಿ ಇದ್ದ ಜಾಗದಲ್ಲೇ ಇರಬೇಕು, ಶಾಫ್ಟು 60 ಎಂಎಂ ಹೊರಗೆ ಬರಬೇಕು ಅಂದರೆ ಶಾಫ್ಟಿನಲ್ಲಿ ಕೀಗೆ ಕೊರೆದ ತೋಡು ಪುಲ್ಲಿಗಿಂತ ಒಳಗೆ ಅಷ್ಟು ಉದ್ದ ಇರಬೇಕು. ಟಾರ್ಚ್ ಹಾಕಿ ನೋಡಿದರೆ ತೋಡು ಪುಲ್ಲಿ ದಾಟಿ ಎರಡೂವರೆ ಇಂಚು, ಅಂದರೆ 63 ಎಂಎಂ ಒಳಗೆ ಹೋಗಿತ್ತು. ಯಾವ ಪುಣ್ಯಾತ್ಮ ಕೊರೆದಿದ್ದನೋ!

ಕೆಲಸ

ಬೇರಿಂಗ್ ಸಿಗಲು ನಾಲ್ಕು ದಿನ ಹಿಡಿಯಿತು. ಊರಿನ ಅಂಗಡಿಯಲ್ಲಿ "210 ಅಂದ್ರೆ 50 ಎಂಎಂ, ಕೊನೆ ನಂಬರು ನೋಡಬೇಡಿ" ಅಂದರು. ನೋಡಬೇಕಾದದ್ದೇ ಆ ಕೊನೇ ನಂಬರು. ಬೆಂಗಳೂರಿನ ಎಸ್‌ಜೆಪಿ ರಸ್ತೆಯಿಂದ ತರಿಸಿದೆವು. ಡಬ್ಬ ಒಡೆದ ತಕ್ಷಣ ಮೂರರ ತೂತನ್ನೂ ವರ್ನಿಯರ್‌ನಲ್ಲಿ ಅಳೆದೆ. ಇದೇ ಸಾಲಿನಲ್ಲಿ 210-30 ಅಂತಲೂ ಒಂದು ಬರುತ್ತದೆ, ಅದು 1-7/8 ಇಂಚು, 47.6 ಎಂಎಂ. ಅದೇನಾದರೂ ಬಂದಿದ್ದರೆ ಮತ್ತೆ ನಾಲ್ಕು ದಿನ ಕಾಯಬೇಕಿತ್ತು.

ಪುಲ್ಲಿಯ ಕೀ ಬಿಚ್ಚುವುದೇ ಅರ್ಧ ದಿನದ ಕೆಲಸವಾಯಿತು. ತಲೆ ಇರುವ ಓರೆ ಕೀ ಅದು. ತುಕ್ಕು ಹಿಡಿದು ಒಂದಾಗಿಬಿಟ್ಟಿತ್ತು. ಹಿಂದಿನ ರಾತ್ರಿಯೇ ಡೀಸೆಲ್ ಸುರಿದು ಬಟ್ಟೆ ಸುತ್ತಿ ಬಿಟ್ಟಿದ್ದೆವು. ಬೆಳಿಗ್ಗೆ ಕೀಯ ತಲೆ ಮತ್ತು ಪುಲ್ಲಿಯ ಮೈ ನಡುವೆ ಎರಡು ಕಡೆಯಿಂದ ಬೆಣೆ ಕೊಟ್ಟು ಹೊಡೆದಾಗ ಟಕ್ ಅಂತ ಬಿಟ್ಟಿತು.

ಹಳೇ ಬೇರಿಂಗ್ ತೆಗೆದ ಮೇಲೆ ಶಾಫ್ಟಿನ ಮೈ ಸರಿ ಮಾಡಿದೆವು. ಮೋಟಾರ್ ಕಡೆಯ ಹೊಸ ಬೇರಿಂಗ್ ತನ್ನ ಹೊಸ ಜಾಗಕ್ಕೆ ಹೋಗಲು ಸವೆದ ಜಾಗವನ್ನು ದಾಟಬೇಕು. ಅಲ್ಲಿ ಗ್ರಬ್ ಸ್ಕ್ರೂ ಕಚ್ಚಿದ ಏಳೆಂಟು ಗುಂಡಿಗಳಿದ್ದವು. ಪ್ರತಿ ಗುಂಡಿಯ ಸುತ್ತಲೂ ಲೋಹದ ಒಂದು ಚಿಕ್ಕ ಏರಿ. ಕಣ್ಣಿಗೆ ಕಾಣುವುದೇ ಇಲ್ಲ, ಉಗುರು ಎಳೆದರೆ ಸಿಗುತ್ತದೆ. ನಯವಾದ ಚಪ್ಪಟೆ ಅರ ಹಿಡಿದು, ಶಾಫ್ಟಿನ ಸುತ್ತಿಗೆ ಸರಿಯಾಗಿ ಕೈ ತಿರುಗಿಸುತ್ತಾ ಏರಿಯನ್ನು ಮಾತ್ರ ತೆಗೆದೆವು. ಆಮೇಲೆ ಎಮರಿ, ಆಮೇಲೆ ಎಣ್ಣೆ. ಬೇರಿಂಗ್ ಕೈಯಲ್ಲೇ ಸರಿದು ಬಂತು, ಒಂದು ಗುಂಡಿಯ ಹತ್ತಿರ ನಿಂತಿತು. ನಮ್ಮ ಹುಡುಗ ಸುತ್ತಿಗೆ ಎತ್ತಿದ. ಬೇಡ ಅಂದೆ. ಸೀಲಿನ ಮೇಲೆ, ರಿಂಗಿನ ಮೇಲೆ ಹೊಡೆದರೆ ಗುಂಡಿನ ದಾರಿಯಲ್ಲಿ ಅಚ್ಚು ಬೀಳುತ್ತದೆ. ಆ ಅಚ್ಚು ಒಂದು ತಿಂಗಳಿಗೆ ಸದ್ದಾಗಿ ವಾಪಸ್ ಬರುತ್ತದೆ. ಬೇರಿಂಗ್ ಹಿಂದಕ್ಕೆ ಎಳೆದು, ಆ ಗುಂಡಿಯ ಅಂಚಿಗೆ ಇನ್ನೂ ನಾಲ್ಕು ಸಲ ಅರ ಆಡಿಸಿದೆವು. ಆಮೇಲೆ ಎರಡು ಹೆಬ್ಬೆರಳಿನಲ್ಲಿ ಒತ್ತಿದರೆ ಸಾಕಾಯಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ಹೀಗೆ ಕೈಯಲ್ಲಿ ಸರಿಯುವುದು ಗ್ರಬ್ ಸ್ಕ್ರೂ ಇರುವ ಈ ಯುಸಿ ಜಾತಿಗೆ ಮಾತ್ರ ಸರಿ. ಮೋಟಾರ್, ಪಂಪಿನಲ್ಲಿರುವ 6208, 6209ರಂಥ ಬೇರಿಂಗಿಗೆ ಸ್ಕ್ರೂ ಇಲ್ಲ. ಅಲ್ಲಿ ಶಾಫ್ಟು ತೂತಿಗಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು. 45 ಎಂಎಂ ಶಾಫ್ಟನ್ನು ಸಾಮಾನ್ಯವಾಗಿ 2ರಿಂದ 18 ಮೈಕ್ರಾನ್ (ಎಂಎಂನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್) ಜಾಸ್ತಿ ಇಟ್ಟು ಮಾಡುತ್ತಾರೆ, ಬೇರಿಂಗ್ ಬಿಸಿ ಮಾಡಿ ಕೂರಿಸುತ್ತಾರೆ. ಅಲ್ಲಿ ಕೈಯಲ್ಲಿ ಸರಿದರೆ ಅದು ಸಡಿಲ ಅಂತಲೇ ಲೆಕ್ಕ.

ಬ್ಲಾಕುಗಳನ್ನು ಕಟ್ಟೆಗೆ ಕೂರಿಸುವ ಮುಂಚೆ ನೂಲು ಕಟ್ಟಿ ಮೂರೂ ಒಂದೇ ಸಾಲಿನಲ್ಲಿವೆಯಾ ನೋಡಿದೆವು. ನಡುವಿನದು 2 ಎಂಎಂ ತಗ್ಗಿತ್ತು. ಕೆಳಗೆ ಉಕ್ಕಿನ ತಗಡು ಕೊಟ್ಟೆವು. ತಗಡಿಗೆ ಜಾಗ ಇರುವುದು ಇಲ್ಲಿ, ಬ್ಲಾಕಿನ ಪಾದದ ಕೆಳಗೆ. ಮೋಟಾರ್ ಕಡೆಯ ಬೇರಿಂಗಿನ ಸ್ಕ್ರೂಗಳನ್ನು ಮೊದಲು ಬಿಗಿ ಮಾಡಿ, ಶಾಫ್ಟನ್ನು ಕೈಯಲ್ಲಿ ಹತ್ತಾರು ಸುತ್ತು ತಿರುಗಿಸಿ, ಉಳಿದೆರಡನ್ನು ಆಮೇಲೆ ಬಿಗಿ ಮಾಡಿದೆವು. ಹಾಗೆ ಮಾಡಿದರೆ ಬೇರಿಂಗ್ ತನಗೆ ಸರಿಯಾದ ಜಾಗ ತಾನೇ ಹುಡುಕಿಕೊಳ್ಳುತ್ತದೆ, ಪಕ್ಕಕ್ಕೆ ಒತ್ತಡ ಬೀಳುವುದಿಲ್ಲ.

ಶಾಫ್ಟು ಹೊರಗೆ ಬಂದ 60 ಎಂಎಂ ಬಗ್ಗೆ ನನಗೆ ಚಿಂತೆ ಇತ್ತು. ಮೊಣಕಾಲೆತ್ತರದಲ್ಲಿ, ತೋಡು ಕೊರೆದ ತುದಿ ನಿಮಿಷಕ್ಕೆ 360 ಸುತ್ತು ತಿರುಗುತ್ತದೆ. ಪಕ್ಕದಲ್ಲೇ ಹೆಂಗಸರು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚೀಲ ಎತ್ತುತ್ತಾರೆ. ಒಂದು ದಪ್ಪ ಪೈಪಿನ ತುಂಡಿಗೆ ಒಂದು ಕಡೆ ಮುಚ್ಚಳ ವೆಲ್ಡ್ ಮಾಡಿ, ಶಾಫ್ಟಿಗೆ ಎಲ್ಲೂ ತಾಗದ ಹಾಗೆ ಕಟ್ಟೆಗೆ ಗೂಟ ಹೊಡೆದು ನಿಲ್ಲಿಸಿದೆವು. ಇದು ಆಗುವ ತನಕ ಮೋಟಾರ್ ಹಾಕಲು ನಾನು ಬಿಡಲಿಲ್ಲ.

ಆಮೇಲೆ

ಮೋಟಾರ್ ಹಾಕಿದಾಗ ಎಲ್ಲರಿಗೂ ಮೊದಲು ಕೇಳಿಸಿದ್ದು ಬೆಲ್ಟು ಬಡಿಯದೇ ಇದ್ದದ್ದು. ಡಯಲ್ ಗೇಜ್ ಮುಳ್ಳು ಈಗ 0.08 ಎಂಎಂ ಆಡುತ್ತಿತ್ತು. ಶಾಫ್ಟು ಸ್ವಲ್ಪ ಬಾಗಿರುವುದರಿಂದ ಅಷ್ಟು ಉಳಿಯಿತು. 360 ಸುತ್ತಿಗೆ ಅದು ಲೆಕ್ಕಕ್ಕಿಲ್ಲ.

ಎರಡನೇ ದಿನ ಸಂಜೆ ಮೋಟಾರ್ ನಿಲ್ಲಿಸಿ ಗ್ರಬ್ ಸ್ಕ್ರೂಗಳನ್ನು ಮತ್ತೆ ಬಿಗಿ ಮಾಡಿ ಅಂತ ಗೌಡರ ಮಗನಿಗೆ ಹೇಳಿ ಬಂದಿದ್ದೆ. ಆರು ಸ್ಕ್ರೂಗಳಲ್ಲಿ ಎರಡು ಸ್ಕ್ರೂ ತಲಾ ಕಾಲು ಸುತ್ತು ತಿರುಗಿದವಂತೆ. ಹೊಸ ಬೇರಿಂಗಿಗೆ ಈ ಎರಡನೇ ಬಿಗಿ ಬೇಕೇಬೇಕು. ಅದಾದ ಮೇಲೆ ಒಂದು ವಾರ ಬಿಟ್ಟು ನೋಡಿದಾಗ ಒಂದೂ ಅಲ್ಲಾಡಲಿಲ್ಲ.

ಗ್ರೀಸಿನ ವಿಷಯದಲ್ಲಿ ಮಾತ್ರ ಸ್ವಲ್ಪ ವಾದ ಆಯಿತು. ತೌಡಿನ ಧೂಳು ಜಾಸ್ತಿ, ಅದಕ್ಕೆ ದಿನಾ ಗ್ರೀಸ್ ಹೊಡೆಯಬೇಕು ಅನ್ನುವುದು ಗೌಡರ ಪಟ್ಟು. ದಿನಾ ಹೊಡೆದರೆ ಗ್ರೀಸ್ ತುಂಬಿ ಸೀಲು ಹೊರಗೆ ಎದ್ದು ಬರುತ್ತದೆ. ಆಮೇಲೆ ಧೂಳು ಸೀದಾ ಒಳಗೆ ಹೋಗುತ್ತದೆ. 15 ದಿನಕ್ಕೊಮ್ಮೆ, ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಾ, ಗನ್ ಎರಡು ಸಲ ಒತ್ತಿದರೆ ಸಾಕು ಅಂತ ಒಪ್ಪಿಸಿದೆ. ಗನ್ ಒತ್ತುವ ಮೊದಲು ನಿಪ್ಪಲ್ ಒರೆಸಬೇಕು ಅನ್ನುವುದನ್ನು ಅವರೇ ಸೇರಿಸಿದರು.

ಎರಡು ಸುಗ್ಗಿ ಕಳೆದ ಮೇಲೆ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಮಿಲ್ಲಿಗೂ ಹೋಗಿದ್ದೆ. ಅದೇ ಮೂರು ಬೇರಿಂಗ್ ಓಡುತ್ತಿದ್ದವು. ಬ್ಲಾಕಿನ ಮೇಲೆ ಕೈ ಇಟ್ಟು ನೋಡಿದೆ, ಉಗುರುಬೆಚ್ಚಗಿತ್ತು. ಶಾಫ್ಟಿನ ಮೇಲೆ ಕಾವಿ ಪುಡಿ ಇರಲಿಲ್ಲ. ಗೋಡೆಯ ಮೇಲೆ, ದೇವರ ಪಟದ ಕೆಳಗೆ, ಗೌಡರ ಮಗ ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಿಟ್ಟಿದ್ದ: "ಶಾಫ್ಟ್ 1-15/16 ಇಂಚು. ಬೇರಿಂಗ್ ಯುಸಿ 210-31. 50 ಹಾಕಬೇಡಿ."